ಮೀನು ಹುಟ್ಟಿದ್ದೆಲ್ಲಿ ಅಂತ ಮೊದಲು ಕೇಳಿ

ಸಂಪಾದಕರಿಗೆ ನಮಸ್ಕಾರ.

ಮನೆಯಲ್ಲೇ ಬಣ್ಣದ ಮೀನು ಸಾಕಿ, ಮರಿ ಮಾಡಿಸಿ ನಾಲ್ಕು ಕಾಸು ನೋಡುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಒಳ್ಳೆಯ ಬರಹವೇ. ಅಡಕೆಗೆ ಹಳದಿ ರೋಗ, ಎಲೆಚುಕ್ಕಿ ರೋಗ ಅಂತ ತಲೆಗೆ ಕೈಹೊತ್ತು ಕೂತಿರುವ ನಮ್ಮ ಕಡೆಯವರಿಗೆ ಇಂಥದ್ದೊಂದು ಉಪಕಸುಬು ಬೇಕು. ಆದರೆ ಅದರಲ್ಲಿ ಬಂದ ಒಂದು ಮಾತಿಗೆ ಉತ್ತರ ಬರೆಯದೆ ಇರಲು ಆಗಲಿಲ್ಲ. ಮರಿ ಮಾಡಿಸಲು ಅಂಗಡಿಯ ಮೀನಿಗಿಂತ ಹೊಳೆಯಿಂದ ಹಿಡಿದು ತಂದ ಮೀನೇ ಗಟ್ಟಿ, ದುಡ್ಡೂ ಉಳಿಯುತ್ತದೆ ಅನ್ನುವ ಮಾತು. ಬರೆದವರನ್ನು ದೂರುವುದಿಲ್ಲ, ಊರಿನಲ್ಲಿ ಎಲ್ಲರೂ ಹೇಳುವುದು ಅದನ್ನೇ. ಆದರೆ ಹೇಳಿದಷ್ಟು ಸಲೀಸಲ್ಲ ಅದು.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವನು. ತೋಟದ ಬದಿಗೆ ಸಿಮೆಂಟಿನ ತೊಟ್ಟಿಗಳು, ಜಗಲಿಯಲ್ಲಿ ಗಾಜಿನ ಟ್ಯಾಂಕುಗಳು. ಮರಿ ಮಾಡಿಸಿ ಪೇಟೆಯ ಅಂಗಡಿಗಳಿಗೆ ಕೊಡುತ್ತೇನೆ. ಹೊಸದಾಗಿ ಶುರು ಮಾಡುವ ಹುಡುಗರು ನನ್ನ ಹತ್ತಿರ ಬಂದು ಮೊದಲು ಕೇಳುವುದು ರೇಟು. ಆಮೇಲೆ ಯಾವ ಮೀನು ಬೇಗ ಮೊಟ್ಟೆ ಇಡುತ್ತದೆ ಅಂತ. ಈ ಮೀನು ಹುಟ್ಟಿದ್ದು ಹೊಳೆಯಲ್ಲೋ ತೊಟ್ಟಿಯಲ್ಲೋ ಅಂತ ಕೇಳಿದವರು ತೀರಾ ಕಡಿಮೆ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದೇ ಅದು. ಯಾಕೆಂದರೆ ನೀರು ಹೇಗಿರಬೇಕು, ಏನು ತಿನ್ನಿಸಬೇಕು, ಮರಿ ಆಗುತ್ತದೋ ಇಲ್ಲವೋ, ಎಲ್ಲದಕ್ಕೂ ಉತ್ತರ ಅಲ್ಲೇ ಉಂಟು.

ಮೊದಲು ನಮ್ಮ ಹೊಳೆಯ ವಿಷಯವನ್ನೇ ಹೇಳುತ್ತೇನೆ. ಪಯಸ್ವಿನಿ ಕೊಡಗಿನಲ್ಲಿ ಹುಟ್ಟಿ, ಸುಳ್ಯ ದಾಟಿ ನಮ್ಮ ಜಿಲ್ಲೆಗೆ ಇಳಿದು, ಚಂದ್ರಗಿರಿ ಅಂತ ಹೆಸರು ಪಡೆದು ಕಾಸರಗೋಡಿನ ಹತ್ತಿರ ಸಮುದ್ರ ಸೇರುತ್ತದೆ. ಈ ಹೊಳೆಯಲ್ಲಿ ಒಂದು ಮೀನು ಉಂಟು, ಅಂಗಡಿಯವರು ಮಿಸ್ ಕೇರಳ ಅನ್ನುತ್ತಾರೆ. ವಿಜ್ಞಾನಿಗಳ ಪುಸ್ತಕದಲ್ಲಿ ಸಹ್ಯಾದ್ರಿಯಾ ಡೆನಿಸೋನಿ. ಗೇಣುದ್ದಕ್ಕಿಂತ ಸ್ವಲ್ಪ ಕಮ್ಮಿ ಬೆಳೆಯುತ್ತದೆ. ಮೂತಿಯಿಂದ ನಡುಮೈವರೆಗೆ ಕೆಂಪು ಗೆರೆ, ಅದರ ಕೆಳಗೆ ಬಾಲದ ತನಕ ಕಪ್ಪು ಗೆರೆ, ಬಾಲದ ತುದಿಯಲ್ಲಿ ಕಪ್ಪು ಹಳದಿ ಪಟ್ಟೆ. ಕಲ್ಲುಗುಂಡಿಗಳಲ್ಲಿ, ಹರಿಯುವ ತಣ್ಣನೆ ನೀರಿನಲ್ಲಿ ಗುಂಪುಗುಂಪಾಗಿ ಓಡಾಡುವ ಮೀನು. ಮದರಾಸಿನ ಗವರ್ನರ್ ಆಗಿದ್ದ ಡೆನಿಸನ್ ಹೆಸರನ್ನು ಇದಕ್ಕೆ ಇಟ್ಟದ್ದು ಮೀನುಗಳ ಅಧ್ಯಯನ ಮಾಡಿದ ಫ್ರಾನ್ಸಿಸ್ ಡೇ, 1865ರಲ್ಲಿ. ನೂರು ವರ್ಷಕ್ಕೂ ಜಾಸ್ತಿ ಕಾಲ ಯಾರೂ ಇದರ ತಂಟೆಗೆ ಹೋಗಲಿಲ್ಲ. 1990ರ ದಶಕದಲ್ಲಿ ಹೊರದೇಶದ ಅಕ್ವೇರಿಯಂ ಪೇಟೆಗೆ ಇದರ ಚಂದ ಗೊತ್ತಾಯಿತು. ಆಮೇಲೆ ಶುರುವಾಯಿತು ನೋಡಿ.

2005ರಿಂದ 2012ರವರೆಗೆ ಭಾರತದಿಂದ ಹೊರಗೆ ಹೋದ ಅಲಂಕಾರದ ಮೀನುಗಳ ಲೆಕ್ಕ ತೆಗೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಗಿತ್ತು. ಅಪಾಯದಲ್ಲಿರುವ 30 ಜಾತಿಯ ಸಿಹಿನೀರ ಮೀನುಗಳು, ಒಟ್ಟು 15 ಲಕ್ಷಕ್ಕೂ ಜಾಸ್ತಿ. ಅದರಲ್ಲಿ ದೊಡ್ಡದೊಂದು ಪಾಲು ಈ ಮಿಸ್ ಕೇರಳ ಮತ್ತು ಅದರದೇ ಬಳಗದ ಚಾಲಕ್ಕುಡಿ ಮೀನು, ಎರಡೂ ಸೇರಿ 3 ಲಕ್ಷ ದಾಟಿದೆ. ಇದು ದಾಖಲೆಗೆ ಸಿಕ್ಕಿದ್ದು ಮಾತ್ರ. ಹೊಳೆಬದಿಯಲ್ಲಿ ಪ್ಲಾಸ್ಟಿಕ್ ತೊಟ್ಟೆಯಲ್ಲೇ ಸತ್ತದ್ದು, ದಾರಿಯಲ್ಲಿ ಸತ್ತದ್ದು, ಊರೊಳಗೇ ಮಾರಾಟ ಆದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ ಅಲ್ವಾ? ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಈಗ ಇದು ಅಳಿವಿನ ಅಂಚಿನ ಜಾತಿ.

ಕೇರಳ ಸರಕಾರ 2008ರಲ್ಲಿ ಈ ಮೀನು ಹಿಡಿಯಲು ಕೆಲವು ಕಟ್ಟುಪಾಡು ಹಾಕಿತು. ಜೂನ್, ಜುಲೈ, ಅಕ್ಟೋಬರ್ ತಿಂಗಳಲ್ಲಿ ಹಿಡಿಯಬಾರದು ಅಂತ. ಕೇಳಲು ಚೆನ್ನಾಗಿಯೇ ಉಂಟು. ಆದರೆ ಚಂದ್ರಗಿರಿ, ವಳಪಟ್ಟಣಂ, ಚಾಲಿಯಾರ್ ಹೊಳೆಗಳಲ್ಲಿ ಈ ಮೀನು ಯಾವಾಗ ಮೊಟ್ಟೆ ಇಡುತ್ತದೆ ಅಂತ ನೋಡಿ 2011ರಲ್ಲಿ ಒಂದು ಅಧ್ಯಯನ ಬಂತು. ಮೊಟ್ಟೆ ಇಡುವುದು ಹೆಚ್ಚಾಗಿ ಅಕ್ಟೋಬರಿನಿಂದ ಮಾರ್ಚ್‌ವರೆಗೆ! ಅಂದರೆ ಬಸುರಿ ಮೀನು ಹೊಳೆಯಲ್ಲಿದ್ದ ಹೆಚ್ಚಿನ ತಿಂಗಳುಗಳಲ್ಲಿ ಬಲೆಗೆ ತಡೆಯೇ ಇರಲಿಲ್ಲ. ಮಳೆಗಾಲದಲ್ಲೇ ಎಲ್ಲ ಮೀನೂ ಮೊಟ್ಟೆ ಇಡುತ್ತದೆ ಅಂತ ನಾವೂ ನಂಬಿದ್ದೆವು, ನಿಯಮ ಮಾಡಿದವರೂ ನಂಬಿದ್ದರೋ ಏನೋ. ಪ್ರತಿ ಮೀನಿಗೂ ಅದರದ್ದೇ ಪಂಚಾಂಗ ಉಂಟು.

ಇನ್ನು ಮರಿ ಮಾಡಿಸುವ ವಿಷಯ. ಹೊಳೆಯಿಂದ ಮಿಸ್ ಕೇರಳ ಹಿಡಿದು ತಂದು ಜಗಲಿಯ ಟ್ಯಾಂಕಿನಲ್ಲಿ ಬಿಟ್ಟರೆ ಅದು ಮರಿ ಹಾಕುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬದುಕುತ್ತದೆ, ಚಂದ ಕಾಣುತ್ತದೆ, ಅಷ್ಟೆ. ಹ್ಯಾಚರಿಗಳಲ್ಲಿ ಇದನ್ನು ಮರಿ ಮಾಡಿಸುವುದು ಹಾರ್ಮೋನ್ ಚುಚ್ಚುಮದ್ದು ಕೊಟ್ಟು. ಗಂಡು ಹೆಣ್ಣು ಗುರುತಿಸಬೇಕು, ಮದ್ದಿನ ಪ್ರಮಾಣ ಗೊತ್ತಿರಬೇಕು, ಮೊಟ್ಟೆ ಬಿಡುವ ಹೊತ್ತು ಗೊತ್ತಿರಬೇಕು. ಇದು ಮನೆಯಲ್ಲಿ ಸುಮ್ನೆ ಪ್ರಯೋಗ ಮಾಡುವ ಕೆಲಸ ಅಲ್ಲ. ಹಾಗಿರುವಾಗ ಮರಿ ಮಾಡಿಸಲಿಕ್ಕೆ ಅಂತ ಹೇಳಿ ಹೊಳೆಯಿಂದ ಹಿಡಿದು ತರುವುದು ಒಂದು ನೆಪ. ಹೊಳೆಗೆ ಒಂದು ಗುಂಪು ಕಮ್ಮಿ, ನಿಮಗೆ ಒಂದು ಮರಿಯೂ ಇಲ್ಲ.

ಇನ್ನೊಂದು, ಕಾನೂನು. 2022ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಬಂದು ರಕ್ಷಿತ ಪ್ರಾಣಿಗಳ ಪಟ್ಟಿಗಳನ್ನೇ ಹೊಸದಾಗಿ ಬರೆದಿದ್ದಾರೆ. ಊರಿನ ಯಾವ ಮೀನನ್ನೇ ಆಗಲಿ ಹಿಡಿದು ಸಾಕುವ ಮೊದಲು ಆ ಪಟ್ಟಿಯಲ್ಲಿ ಅದರ ಹೆಸರು ಉಂಟಾ ಅಂತ ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ. ನಮ್ಮ ಊರಿನ ಹೊಳೆ, ನಮ್ಮ ಮೀನು ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಈಗ ಗಟ್ಟಿ ಅನ್ನುವ ಮಾತಿಗೆ ಬರೋಣ. ಹೊಳೆಯ ಮೀನು ಹೊಳೆಯಲ್ಲಿ ಗಟ್ಟಿ, ನಿಜ. ಬಲಹೀನ ಮರಿಗಳನ್ನು ಮೊದಲೇ ಬೇರೆ ಮೀನು ತಿಂದಿರುತ್ತದೆ, ಮಿಂಚುಳ್ಳಿ ಹೆಕ್ಕಿರುತ್ತದೆ, ಉಳಿದದ್ದು ಗಟ್ಟಿಯದ್ದೇ. ಆದರೆ ಅದನ್ನು ಬಲೆಯಲ್ಲಿ ಎಳೆದು, ಬಕೆಟಿನಲ್ಲಿ ಹೊತ್ತು, ತೊಟ್ಟೆಯಲ್ಲಿ ಕಟ್ಟಿ, ಅದರದ್ದೇ ಹೊಲಸಿನ ನೀರಿನಲ್ಲಿ ಬಸ್ಸಿನಲ್ಲೋ ರೈಲಿನಲ್ಲೋ ಕಳಿಸಿದ ಮೇಲೆ ಎಷ್ಟು ಗಟ್ಟಿ ಉಳಿದೀತು? ಮೈಮೇಲೆ, ಕಿವಿರಿನಲ್ಲಿ, ಹೊಟ್ಟೆಯಲ್ಲಿ ಒಂದಷ್ಟು ಪರೋಪಜೀವಿಗಳು ಇದ್ದೇ ಇರುತ್ತವೆ. ಹರಿಯುವ ನೀರಿನಲ್ಲಿ ಅವು ಮೀನಿಗೆ ದೊಡ್ಡ ತೊಂದರೆ ಕೊಡುವುದಿಲ್ಲ. ಎರಡಡಿ ಟ್ಯಾಂಕಿನಲ್ಲಿ ಅವುಗಳದ್ದೇ ಸಂತೆ. ಜೊತೆಗೆ ಹೊಳೆಯ ಮೀನು ಕಾಳು ಆಹಾರವನ್ನು ಆಹಾರ ಅಂತ ಗುರುತಿಸುವುದೇ ಇಲ್ಲ. ಸೊಳ್ಳೆಮರಿ, ಎರೆಹುಳ ಕೊಟ್ಟು ನಿಧಾನ ಅಭ್ಯಾಸ ಮಾಡಿಸಬೇಕು. ಹೊಟ್ಟೆ ಒಳಗೆ ಹೋದ, ಬೆನ್ನು ಚೂಪಾದ ಮೀನು ಮೊಟ್ಟೆ ಇಡುವುದೆಲ್ಲಿಂದ?

ಹಾಗಾದರೆ ತೊಟ್ಟಿಯಲ್ಲಿ ಹುಟ್ಟಿದ್ದೆಲ್ಲ ಒಳ್ಳೆಯದಾ? ಅದೂ ಅಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ನಮ್ಮ ಅಂಗಡಿಗಳಿಗೆ ಬರುವ ಮೀನು ಹೆಚ್ಚಿನದ್ದು ಸಾಕಣೆಯದ್ದೇ. ಚೆನ್ನೈಯ ಕೊಳತ್ತೂರು ಕಡೆಯಿಂದ ಬರುತ್ತದೆ, ಬೇರೆ ಕಡೆಯಿಂದಲೂ ಬರುತ್ತದೆ.

ಗಪ್ಪಿಯನ್ನೇ ತೆಗೆದುಕೊಳ್ಳಿ. ಬಾಲ ದೊಡ್ಡದಾಗಬೇಕು, ಬಣ್ಣ ಗಾಢ ಆಗಬೇಕು ಅಂತ ಅಣ್ಣತಂಗಿಯರನ್ನೇ ತಲೆಮಾರುಗಟ್ಟಲೆ ಕೂಡಿಸಿ ಕೂಡಿಸಿ ಈಗ ಕೆಲವು ತಳಿಗಳು ನೀರು ಬದಲಿಸಿದರೂ ಸಾಯುವಷ್ಟು ನಾಜೂಕಾಗಿವೆ. ಇನ್ನೊಂದು ವಿಷಯ ಗೊತ್ತಿರಲಿ. ಹೆಣ್ಣು ಗಪ್ಪಿ ಒಮ್ಮೆ ಗಂಡಿನ ಜೊತೆ ಸೇರಿದರೆ ಆ ಬೀಜವನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಇಟ್ಟುಕೊಂಡು ಹಲವು ಸಲ ಮರಿ ಹಾಕಬಲ್ಲದು. ಅಂಗಡಿಯಿಂದ ದೊಡ್ಡ ಹೆಣ್ಣು ತಂದರೆ ಆ ಮರಿಗಳ ಅಪ್ಪ ಯಾರು ಅಂತ ದೇವರಿಗೇ ಗೊತ್ತು. ತಳಿ ಕಾಪಾಡಬೇಕಾದರೆ ಚಿಕ್ಕ ಪ್ರಾಯದಲ್ಲೇ ಗಂಡು ಹೆಣ್ಣು ಬೇರೆ ಮಾಡಿದ ಮರಿ ಬೇಕು.

ರಾಮ್ ಸಿಕ್ಲಿಡ್ ಅಂತ ಒಂದು ಚಂದದ ಮೀನು ಉಂಟು. ಎಳೆ ಪ್ರಾಯದಲ್ಲೇ ಮೈತುಂಬ ಬಣ್ಣ ಬರಲಿ ಅಂತ ಕೆಲವರು ಅದಕ್ಕೆ ಹಾರ್ಮೋನ್ ತಿನ್ನಿಸಿ ಬೆಳೆಸುತ್ತಾರೆ. ಅಂಗಡಿಯಲ್ಲಿ ನೋಡಿದರೆ ಕಣ್ಣು ಕುಕ್ಕಬೇಕು, ಹಾಗೆ. ಮನೆಗೆ ತಂದರೆ ಬಣ್ಣ ಇಳಿಯುತ್ತದೆ, ಎಷ್ಟೋ ಸಲ ಮರಿಯೂ ಆಗುವುದಿಲ್ಲ. ಡ್ವಾರ್ಫ್ ಗೌರಾಮಿಯದ್ದು ಬೇರೆ ಕತೆ. ನಮ್ಮದೇ ಉತ್ತರ ಭಾರತ, ಬಾಂಗ್ಲಾ ಕಡೆಯ ಮೀನು ಅದು. ದೊಡ್ಡ ಫಾರಂಗಳಲ್ಲಿ ಒತ್ತೊತ್ತಾಗಿ ಸಾಕಿ ಒಂದು ವೈರಸ್ ಹತ್ತಿಕೊಂಡಿದೆ, ಮದ್ದಿಲ್ಲ. ಮೈಮೇಲೆ ಹುಣ್ಣು, ಹೊಟ್ಟೆ ಉಬ್ಬರ, ಆಮೇಲೆ ಸಾವು.

ಜೀಬ್ರಾ ಮೀನಿನದ್ದು ಇನ್ನೂ ಸೋಜಿಗ. ಹೊಳೆ ಗದ್ದೆಗಳಲ್ಲಿ ಇರುವ ಜೀಬ್ರಾ ಮೀನಿನಲ್ಲಿ ಗಂಡೋ ಹೆಣ್ಣೋ ಅಂತ ನಿರ್ಧರಿಸುವ ಭಾಗ ಅದರ ನಾಲ್ಕನೆಯ ಕ್ರೋಮೋಸೋಮಿನಲ್ಲಿ ಉಂಟು. ಪ್ರಯೋಗಾಲಯದಲ್ಲಿ ತಲೆಮಾರುಗಟ್ಟಲೆ ಸಾಕಿದ ತಳಿಗಳಲ್ಲಿ ಅದು ಕಳೆದೇ ಹೋಗಿದೆ ಅಂತ 2014ರಲ್ಲಿ ಕಂಡುಕೊಂಡರು. ನಾವು ಬಣ್ಣ ಮತ್ತು ಬಾಲ ನೋಡಿಕೊಂಡು ಸಾಕುತ್ತೇವೆ, ಕಣ್ಣಿಗೆ ಕಾಣದ್ದು ಏನೇನು ಹೋಯಿತು ಅಂತ ಯಾರಿಗೆ ಗೊತ್ತು?

ಆದರೂ ಮನೆಯಲ್ಲಿ ಮರಿ ಮಾಡಿಸುವವರಿಗೆ ನಾನು ಹೇಳುವುದು ತೊಟ್ಟಿಯಲ್ಲಿ ಹುಟ್ಟಿದ ಮೀನನ್ನೇ. ಮೇಲೆ ಹೇಳಿದ ಕುಂದುಗಳಿಗೆ ದಾರಿ ಉಂಟು, ಖಾಲಿಯಾದ ಹೊಳೆಗೆ ಇಲ್ಲ.

ಏಂಜೆಲ್ ಮೀನಿನ ಉದಾಹರಣೆಯಲ್ಲೇ ಹೇಳುತ್ತೇನೆ, ಯಾಕೆಂದರೆ ಹೊಸಬರು ಇದನ್ನೇ ಹೆಚ್ಚು ಕೇಳುತ್ತಾರೆ. ಅಂಗಡಿಯಲ್ಲಿ ಜೋಡಿ ಅಂತ ಹೇಳಿ ಎರಡು ದೊಡ್ಡ ಮೀನು ಕೊಡುತ್ತಾರೆ, ಬೇಡ. ಅವು ಜೋಡಿಯೋ ಅಲ್ಲವೋ, ಮುದಿಯಾಯಿತೋ, ಯಾರೋ ಉಪಯೋಗಿಸಿ ಬಿಟ್ಟದ್ದೋ ಗೊತ್ತಾಗುವುದಿಲ್ಲ. ಎಳೆ ಮರಿಗಳನ್ನು ತನ್ನಿ, ಆರೇಳಾದರೂ ಇರಲಿ. ಎಲ್ಲವನ್ನೂ ಒಂದೇ ಕಡೆಯಿಂದ ತರಬೇಡಿ. ಬೇರೆ ಬೇರೆ ಸಾಕಣೆದಾರರಿಂದ ತಂದು ಒಟ್ಟಿಗೆ ಬೆಳೆಸಿ, ಅವೇ ಜೋಡಿ ಕಟ್ಟಿಕೊಳ್ಳಲಿ. ಮನುಷ್ಯರಲ್ಲಿ ಗೋತ್ರ ನೋಡುವ ನಾವು ಮೀನಿಗೆ ಅಷ್ಟಾದರೂ ನೋಡಬೇಡವೇ?

ಜೋಡಿ ಕಟ್ಟಿದ್ದು ನಿಮಗೆ ತಾನಾಗಿ ಗೊತ್ತಾಗುತ್ತದೆ. ಎರಡು ಮೀನು ಒಂದು ಮೂಲೆ ಹಿಡಿದು ಉಳಿದವನ್ನು ಹತ್ತಿರ ಸೇರಿಸುವುದಿಲ್ಲ. ಒಂದು ತುಂಡು ಪಿವಿಸಿ ಪೈಪನ್ನು ಓರೆಯಾಗಿ ನಿಲ್ಲಿಸಿದರೆ ಅದನ್ನು ಬಾಯಿಂದ ಉಜ್ಜಿ ಉಜ್ಜಿ ಚೊಕ್ಕ ಮಾಡುತ್ತವೆ. ಆಮೇಲೆ ಹೆಣ್ಣು ಕೆಳಗಿನಿಂದ ಮೇಲಕ್ಕೆ ಸಾಲಾಗಿ ಮೊಟ್ಟೆ ಅಂಟಿಸುತ್ತಾ ಹೋಗುತ್ತದೆ, ಗಂಡು ಹಿಂದಿನಿಂದ ಅದೇ ಸಾಲಿನಲ್ಲಿ ಬರುತ್ತದೆ. ಸಾಸಿವೆಗಿಂತ ಸಣ್ಣ, ಬೆಳಕು ಹಾಯುವ ಮೊಟ್ಟೆ. ಎರಡೂ ಸರದಿಯಲ್ಲಿ ನಿಂತು ರೆಕ್ಕೆಯಿಂದ ಗಾಳಿ ಹಾಕುತ್ತವೆ. ಬೆಳ್ಳಗಾದ ಮೊಟ್ಟೆ ಕೆಟ್ಟದ್ದು, ಅದನ್ನು ಅವೇ ಹೆಕ್ಕಿ ತೆಗೆಯುತ್ತವೆ. 27, 28 ಡಿಗ್ರಿ ಇದ್ದರೆ ಎರಡು ಎರಡೂವರೆ ದಿನದಲ್ಲಿ ಒಡೆಯುತ್ತದೆ. ಇನ್ನೂ ಐದಾರು ದಿನ ಮರಿಗಳು ಅಲ್ಲೇ ಅಂಟಿಕೊಂಡು ಬಾಲ ಅಲ್ಲಾಡಿಸುತ್ತಾ ಇರುತ್ತವೆ, ಆಮೇಲೆ ಈಜುತ್ತವೆ. ಆಗ ಆರ್ಟೀಮಿಯಾ ಅನ್ನುವ, ಸಿಗಡಿಯಂಥ ಪುಟ್ಟ ಉಪ್ಪುನೀರ ಜೀವಿಯ ಮರಿ ಕೊಡಬೇಕು.

ಇಷ್ಟು ಚಂದದಲ್ಲಿ ಹೋಗುತ್ತಾ ಇರುವಾಗ ಒಂದು ಬೆಳಿಗ್ಗೆ ನೋಡಿದರೆ ಪೈಪು ಖಾಲಿ. ಅಪ್ಪ ಅಮ್ಮನೇ ತಿಂದಿರುತ್ತವೆ. ಸಾಕಣೆಯ ಏಂಜೆಲ್‌ಗಳಲ್ಲಿ ಇದು ಜಾಸ್ತಿ. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಫಾರಂನವರು ಮೊಟ್ಟೆ ಇಟ್ಟ ಕೂಡಲೇ ತೆಗೆದು ಬೇರೆ ಕಡೆ ಮರಿ ಮಾಡುತ್ತಾರೆ. ತಿನ್ನುವ ಜೋಡಿಯದ್ದೂ, ಕಾಯುವ ಜೋಡಿಯದ್ದೂ ಮೊಟ್ಟೆ ಒಂದೇ ಸಮ ಉಳಿಯುತ್ತದೆ. ಹೊಳೆಯಲ್ಲಾದರೆ ಮೊಟ್ಟೆ ತಿನ್ನುವವರ ವಂಶ ಅಲ್ಲಿಗೇ ಮುಗಿಯುತ್ತಿತ್ತು. ಹಾಗಾಗಿ ಮರಿ ಕಾಯುವ ಜೋಡಿ ಯಾರ ಹತ್ತಿರವಾದರೂ ಇದ್ದರೆ ಅದರ ಮರಿಗಳನ್ನು ಇಟ್ಟುಕೊಳ್ಳಿ, ಬಣ್ಣ ಸ್ವಲ್ಪ ಕಮ್ಮಿ ಇದ್ದರೂ ಪರವಾಗಿಲ್ಲ. ನನ್ನ ಕೇಳಿದರೆ ತಳಿ ಸುಧಾರಣೆ ಅಂದರೆ ಇದು, ಬಾಲ ಉದ್ದ ಮಾಡುವುದಲ್ಲ.

ಹೊಳೆಯ ರಕ್ತ ಬೇಕೇ ಬೇಕು ಅನ್ನುವವರಿಗೆ ನಡುವಿನ ದಾರಿಯೊಂದು ಉಂಟು. ಕಾಡಿನಿಂದ ತಂದ ತಾಯಿತಂದೆಗೆ ಟ್ಯಾಂಕಿನಲ್ಲಿ ಹುಟ್ಟಿದ ಮೊದಲ ತಲೆಮಾರಿಗೆ ಎಫ್‌1 ಅನ್ನುತ್ತಾರೆ, ಅದರ ಮರಿಗೆ ಎಫ್‌2. ಇವು ಮನೆಯ ನೀರಿಗೆ, ಕಾಳು ಆಹಾರಕ್ಕೆ ಹೊಂದಿಕೊಂಡಿರುತ್ತವೆ, ತಳಿಯೂ ಹಾಳಾಗಿರುವುದಿಲ್ಲ. ಬೆಲೆ ಜಾಸ್ತಿ. ಆದರೆ ಮಾತಿಗೆ ಎಫ್‌1 ಅಂತ ಎಲ್ಲರೂ ಹೇಳುತ್ತಾರೆ, ತಾಯಿತಂದೆಯನ್ನು ತೋರಿಸುವವರ ಹತ್ತಿರ ಮಾತ್ರ ತೆಗೆದುಕೊಳ್ಳಿ.

ನೀರಿನ ವಿಷಯ ಬಿಟ್ಟರೆ ಈ ಕಾಗದ ಅರ್ಧವೇ. ನಮ್ಮದು ಮುರಕಲ್ಲಿನ ನೆಲ. ಗುಡ್ಡ ಕೊರೆದು ಮಾಡಿದ ಸುರಂಗದ ನೀರು, ಬಾವಿನೀರು ಎಲ್ಲ ತುಂಬ ಮೆದು, ಸ್ವಲ್ಪ ಹುಳಿ. ಸೋಪು ಹಾಕಿದರೆ ನೊರೆ ಹೋಗುವುದೇ ಇಲ್ಲ ನೋಡಿ, ಅದೇ ಗುರುತು. ಚೆನ್ನೈ ಕಡೆಯ ಗಡಸು ನೀರಿನಲ್ಲಿ ಹುಟ್ಟಿ ಬೆಳೆದ ಮಾಲಿ ಅನ್ನುವ ಮೀನನ್ನೋ ಗಪ್ಪಿಯನ್ನೋ ತಂದು ಸೀದಾ ಇದಕ್ಕೆ ಹಾಕಿದರೆ ರೆಕ್ಕೆ ಮುದುಡಿಕೊಂಡು ನಿಂತಲ್ಲೇ ಓಲಾಡುತ್ತದೆ. ಫಾರಂ ಮೀನು ಲಡ್ಡು ಅಂತ ಬಯ್ಯುತ್ತೇವೆ, ಪಾಪ ಅದರ ತಪ್ಪೇನು? ಇಂಥ ಮೀನಿನ ತೊಟ್ಟಿಗೆ ನಾನು ತೊಳೆದು ಒಣಗಿಸಿದ ಮರುವಾಯಿ ಚಿಪ್ಪನ್ನು ಬಲೆಚೀಲದಲ್ಲಿ ಕಟ್ಟಿ ಹಾಕುತ್ತೇನೆ. ಹುಳಿನೀರಿಗೆ ಚಿಪ್ಪು ನಿಧಾನ ಕರಗಿ ನೀರು ಗಡಸಾಗುತ್ತದೆ. ಪದಾರ್ಥ ಮಾಡಿ ಉಳಿದ ಚಿಪ್ಪು, ಕಾಸು ಖರ್ಚಿಲ್ಲ. ಅದೇ ದಕ್ಷಿಣ ಅಮೆರಿಕದ ಟೆಟ್ರಾ, ಡಿಸ್ಕಸ್ ಜಾತಿಯವಕ್ಕೆ ನಮ್ಮ ನೀರು ಹೇಳಿ ಮಾಡಿಸಿದ್ದು. ಒಣಗಿದ ಕಾಡುಬಾದಾಮಿ ಎಲೆ ಒಂದೆರಡು ಹಾಕಿದರೆ ಇನ್ನೂ ಒಳ್ಳೆಯದು. ಬೇರೆ ಊರಿನವರು ಯಂತ್ರ ಇಟ್ಟು ಮಾಡಿಕೊಳ್ಳುವ ನೀರು ನಮಗೆ ಗುಡ್ಡದೊಳಗಿನಿಂದ ಪುಕ್ಕಟೆ ಬರುತ್ತದೆ. ಇಲ್ಲಿಯ ಹುಡುಗರು ಹಣ ಮಾಡಬೇಕಾದ್ದು ಈ ಮೀನುಗಳಲ್ಲಿ, ಎಲ್ಲ ಕಡೆ ಸಿಗುವ ಗಪ್ಪಿಯಲ್ಲಿ ಅಲ್ಲ ಅಂತ ನನ್ನ ಅಭಿಪ್ರಾಯ.

ಊರಿನ ಮೀನು ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಪಳ್ಳತ್ತಿ ಗೊತ್ತಲ್ಲ, ಕುಂಬಳೆ, ಮೊಗ್ರಾಲ್ ಕಡೆ ಅಳಿವೆಯಲ್ಲಿ, ಉಪ್ಪು ಮಿಶ್ರದ ನೀರಿನಲ್ಲಿ ಧಾರಾಳ ಇರುವ ಚಪ್ಪಟೆ ಮೀನು. ಕರಿಮೀನಿನ ತಮ್ಮ. ಅಂಗಡಿಯಲ್ಲಿ ಕಿತ್ತಳೆ ಬಣ್ಣದ್ದು ಸಿಗುತ್ತದೆ, ಅದು ಸಾಕಿ ಆರಿಸಿ ಮಾಡಿದ ತಳಿ. ಹೊಳೆಯದ್ದು ಹಳದಿ, ಮೈಮೇಲೆ ಸಾಲು ಚುಕ್ಕೆ, ಪಕ್ಕದಲ್ಲಿ ಒಂದು ದೊಡ್ಡ ಕಪ್ಪು ಮಚ್ಚೆ. ಗಂಡು ಹೆಣ್ಣು ಎರಡೂ ಸೇರಿ ಮರಿ ಕಾಯುತ್ತವೆ. ಮರಿಗಳು ತಾಯಿತಂದೆಯ ಮೈಯ ಲೋಳೆಯನ್ನು ಕುಟುಕಿ ತಿಂದು ಬೆಳೆಯುತ್ತವೆ, ಡಿಸ್ಕಸ್ ಮರಿಗಳ ಹಾಗೆ. ಡಿಸ್ಕಸ್‌ಗೆ ಸಾವಿರಗಟ್ಟಲೆ ಸುರಿಯುವವರು ಮನೆಹಿಂದಿನ ಮೀನಿನಲ್ಲಿ ಅದೇ ಚಂದ ಉಂಟು ಅಂತ ನೋಡುವುದಿಲ್ಲ. ಹೊಳೆಯಲ್ಲಿ ಈ ಪಳ್ಳತ್ತಿ ಕರಿಮೀನಿನ ಮೈಯ ಹುಳ ಹೆಕ್ಕಿ ಚೊಕ್ಕ ಮಾಡುತ್ತದೆ, ಹೊತ್ತು ನೋಡಿ ಅದೇ ಕರಿಮೀನಿನ ಮೊಟ್ಟೆಯನ್ನೂ ಮುಕ್ಕುತ್ತದೆ. ನೆಂಟರಲ್ಲೂ ಇಂಥವರು ಇರುತ್ತಾರೆ, ಹೆಸರು ಹೇಳುವುದು ಬೇಡ.

ಹೀಗೆ ಧಾರಾಳ ಇರುವ ಸಣ್ಣ ಮೀನನ್ನು ಕಾನೂನಿನ ತೊಡಕಿಲ್ಲ ಅಂತ ಖಚಿತ ಮಾಡಿಕೊಂಡು, ತೋಟದ ಕೆರೆಯಿಂದಲೋ ತೋಡಿನಿಂದಲೋ ನಾಲ್ಕಾರು ತಂದು ಸಾಕಿ, ಅದರ ಮರಿಯಿಂದ ಮುಂದುವರಿಸಿದರೆ ನನಗೆ ತಕರಾರಿಲ್ಲ. ಆದರೆ ಮೊದಲ ಮಳೆಗೆ ನೀರಿನ ಎದುರು ಏರಿಬರುವ ಮೀನನ್ನು ಮುಟ್ಟಬೇಡಿ. ಅವು ಮೊಟ್ಟೆ ತುಂಬಿಕೊಂಡು ಗದ್ದೆ, ತೋಡುಗಳಿಗೆ ಹೋಗುತ್ತಿರುತ್ತವೆ. ಮಲಯಾಳದವರು ಊತ್ತ ಅನ್ನುತ್ತಾರೆ, ಅದನ್ನು ಹಿಡಿಯುವುದು ಕೇರಳದಲ್ಲಿ ನಿಷೇಧ. ಆದರೂ ಮಳೆ ಬಿದ್ದ ರಾತ್ರಿ ಟಾರ್ಚ್ ಹಿಡಿದು ಗದ್ದೆಬದಿಯಲ್ಲಿ ಯಾರು ಯಾರು ಇರುತ್ತಾರೆ ಅಂತ ನಿಮಗೂ ಗೊತ್ತು, ನಮಗೂ ಗೊತ್ತು.

ಕಾಡಿನ ಮೀನು ಹಿಡಿಯುವುದೆಲ್ಲ ಪಾಪ ಅನ್ನುವ ವಾದವೂ ಸರಿಯಲ್ಲ. ಬ್ರೆಜಿಲ್ ದೇಶದಲ್ಲಿ ರಿಯೋ ನೆಗ್ರೋ ನದಿಯ ದಂಡೆಗೆ ಬಾರ್ಸೆಲೋಸ್ ಅಂತ ಊರು. ಕಾರ್ಡಿನಲ್ ಟೆಟ್ರಾ ಅನ್ನುವ ಕೆಂಪು ನೀಲಿ ಪುಟ್ಟ ಮೀನನ್ನು ಹಿಡಿದು ಮಾರುವುದರಲ್ಲೇ ಅಲ್ಲಿ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಕೈಬಲೆಯಲ್ಲಿ ಹಿಡಿಯುತ್ತಾರೆ. ನೀರು ಇಳಿದಾಗ ಹೇಗೂ ರಾಶಿರಾಶಿ ಸಾಯುವ, ಅಲ್ಪಾಯುಷ್ಯದ, ಬೇಗ ಮರಿ ತುಂಬುವ ಮೀನು ಅದು. ಮೀನಿನಿಂದ ಬದುಕು ನಡೆಯುವುದರಿಂದ ಜನರು ಕಾಡನ್ನೂ ಕಡಿಯದೆ ಉಳಿಸಿಕೊಂಡಿದ್ದಾರೆ. ಅಲ್ಲಿ ಅದು ಸರಿ. ಆದರೆ ನಮ್ಮ ಮಿಸ್ ಕೇರಳ ಇರುವುದು ಪಶ್ಚಿಮ ಘಟ್ಟದ ಬೆರಳೆಣಿಕೆಯ ಹೊಳೆಗಳಲ್ಲಿ. ಅಲ್ಲಿಯ ಲೆಕ್ಕ ಇಲ್ಲಿಗೆ ಬರುವುದಿಲ್ಲ.

ಹಾಗೆಯೇ, ತೊಟ್ಟಿಯಲ್ಲಿ ಮರಿ ಆದ ಕೂಡಲೇ ಹೊಳೆಯ ಮೀನು ಉಳಿಯಿತು ಅಂತ ತಿಳಿಯಬೇಡಿ. ಕೆಂಪು ಬಾಲದ ಕಪ್ಪು ಶಾರ್ಕ್ ಅಂತ ಎಲ್ಲ ಅಂಗಡಿಯಲ್ಲೂ ಸಿಗುತ್ತದಲ್ಲ, ಥಾಯ್ಲೆಂಡಿನ ಮೀನು. ಫಾರಂಗಳಲ್ಲಿ ಬೇಕಾದಷ್ಟು ಉಂಟು, ಹುಟ್ಟಿದ ನದಿಯಲ್ಲಿ ಮಾತ್ರ ನಾಮಾವಶೇಷ ಆಗುವ ಹಂತ. ಮರಳು ತೆಗೆಯುವುದು, ತೋಟೆ ಸಿಡಿಸಿ ಮೀನು ಹಿಡಿಯುವುದು, ನೀರಿಗೆ ವಿಷ ಹಾಕುವುದು ನಿಲ್ಲದಿದ್ದರೆ ಹ್ಯಾಚರಿ ಎಷ್ಟಿದ್ದರೇನು?

ಸಮುದ್ರದ ಮೀನಿನ ಬಗ್ಗೆ ಎರಡೇ ಮಾತು. ಅಂಗಡಿಯ ಉಪ್ಪುನೀರಿನ ಟ್ಯಾಂಕಿನಲ್ಲಿರುವುದು ಹೆಚ್ಚಿನದೂ ಹವಳದ ದಿಬ್ಬಗಳಿಂದ ಹಿಡಿದು ತಂದದ್ದು, ಕೆಲವು ದೇಶಗಳಲ್ಲಿ ಸಯನೈಡ್ ಎರಚಿ ಮಂಪರು ಬರಿಸಿ ಹಿಡಿದದ್ದು. ಮಕ್ಕಳು ಸಿನಿಮಾದ ನೆಮೋ ಬೇಕು ಅಂತ ಹಟ ಮಾಡಿದರೆ ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್ ಮೀನು ಕೇಳಿ. ನಮ್ಮ ದೇಶದಲ್ಲೇ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನು ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ.

ಅಂಗಡಿಯಲ್ಲಿ ನಿಂತು ಕೊಳ್ಳುವಾಗ ಏನು ನೋಡಬೇಕು ಅಂತ ಹುಡುಗರು ಕೇಳುವುದುಂಟು. ಒಂದು ಹಿಡಿ ಆಹಾರ ಹಾಕಿ ತೋರಿಸಿ ಅಂತ ಹೇಳಿ. ಓಡಿ ಬಂದು ತಿಂದರೆ ಸಾಕಿದ್ದು, ಅಥವಾ ಹೊಂದಿಕೊಂಡದ್ದು. ಒಂದೇ ಜಾತಿಯ ಮೀನು ಟ್ಯಾಂಕಿನಲ್ಲಿ ಸಣ್ಣದು ದೊಡ್ಡದು ಎಲ್ಲ ಕಲಸಿಕೊಂಡಿದ್ದು, ರೆಕ್ಕೆ ಹರಿದು, ಹೊಟ್ಟೆ ಒಳಗೆ ಹೋಗಿ, ಮೂಲೆಯಲ್ಲಿ ಗುಂಪಾಗಿ ನಿಂತಿದ್ದರೆ ಹಿಡಿದು ತಂದದ್ದು ಅಂತ ಅನುಮಾನ ಪಡಿ. ಮಲದ್ವಾರದಿಂದ ಕೆಂಪು ನೂಲಿನ ಹಾಗೆ ಏನಾದರೂ ಇಣುಕುತ್ತಿದ್ದರೆ ಅದು ಹುಳ, ಆ ಟ್ಯಾಂಕಿನ ಯಾವ ಮೀನೂ ಬೇಡ. ತಂದ ಮೇಲೆ, ಎಲ್ಲಿ ಹುಟ್ಟಿದ್ದೇ ಆಗಲಿ, ಮೂರು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿ ಇಡಿ. ಆ ತೊಟ್ಟಿಯ ಬಲೆ ಈ ತೊಟ್ಟಿಗೆ ಹಾಕಬೇಡಿ. ಜನ ಮೀನು ಬೇರೆ ಇಡುತ್ತಾರೆ, ಬಲೆ ಒಂದೇ ಇಡುತ್ತಾರೆ!

ಬೇಡವಾದ ಮೀನನ್ನು ತೋಡಿಗೆ, ಕೆರೆಗೆ, ದೇವಸ್ಥಾನದ ಕೊಳಕ್ಕೆ ಬಿಡುವವರ ಬಗ್ಗೆ ನನಗೆ ತಡೆಯಲಾರದ ಸಿಟ್ಟು. ಪುಣ್ಯ ಬರುತ್ತದೆ ಅಂತ ಬಿಡುತ್ತಾರೆ. 2018ರ ನೆರೆ ಇಳಿದ ಮೇಲೆ ಚಾಲಕ್ಕುಡಿ ಹೊಳೆಯಲ್ಲಿ ಅಮೆಜಾನಿನ ದೈತ್ಯ ಮೀನು ಅರಪೈಮಾ ಸಿಕ್ಕಿತ್ತು, ನೆನಪುಂಟಾ? ಯಾರದ್ದೋ ಸಾಕಣೆಯಿಂದ ತಪ್ಪಿಸಿಕೊಂಡದ್ದು. ಟ್ಯಾಂಕ್ ಕ್ಲೀನ್ ಮಾಡುತ್ತದೆ ಅಂತ ಮಾರುವ ಸಕ್ಕರ್ ಮೀನು ಈಗ ಕೇರಳದ ಎಷ್ಟೋ ಹೊಳೆಗಳಲ್ಲಿ ಬೇರುಬಿಟ್ಟಿದೆ. ತೊಟ್ಟಿಯ ಮೀನು ಹೊಳೆಗೆ ಹೋದರೆ ತೊಟ್ಟಿಯ ರೋಗವೂ ಜೊತೆಗೆ ಹೋಗುತ್ತದೆ. ಊರಿನದೇ ಜಾತಿಯ ಮೀನಾದರೂ ಅಷ್ಟೇ, ಎಲ್ಲಿಯದೋ ಹ್ಯಾಚರಿಯ ಮರಿಯನ್ನು ಪಯಸ್ವಿನಿಗೆ ಬಿಟ್ಟರೆ ಇಲ್ಲಿಯ ತಳಿ ಕಲಬೆರಕೆ ಆಗುತ್ತದೆ. ಬಿಡುವುದೇ ಆದರೆ ವಿಜ್ಞಾನಿಗಳು ನೋಡಿಕೊಂಡು ಬಿಡಲಿ. ಬೇಡವಾದದ್ದನ್ನು ಅಂಗಡಿಗೆ ವಾಪಸ್ ಕೊಡಿ, ಪಕ್ಕದ ಮನೆಯವರಿಗೆ ಕೊಡಿ.

ನಾನು ಕೇಳುವುದು ಇಷ್ಟು. ಅಂಗಡಿಯವರು ಟ್ಯಾಂಕಿನ ಮೇಲೆ ರೇಟಿನ ಚೀಟಿ ಹಚ್ಚುತ್ತಾರಲ್ಲ, ಅದರಲ್ಲೇ ಒಂದು ಸಾಲು ಬರೆಯಲಿ, ಹ್ಯಾಚರಿಯದ್ದೋ ಹಿಡಿದದ್ದೋ, ಯಾವ ಊರಿಂದ ಬಂತು. ಇದಕ್ಕೆ ದೊಡ್ಡ ಖರ್ಚಿಲ್ಲ. ಕೊಳ್ಳುವವರು ನಾಲ್ಕು ಜನ ಕೇಳಲು ಶುರು ಮಾಡಿದರೆ ಅವರೇ ಬರೆಯುತ್ತಾರೆ. ಮರಿ ಮಾಡಿಸುವ ನಾವೂ ಒಂದು ನೋಟ್‌ಬುಕ್ ಇಡೋಣ. ಯಾವ ಜೋಡಿ, ಎಲ್ಲಿಂದ ತಂದದ್ದು, ಮರಿ ಯಾರಿಗೆ ಕೊಟ್ಟದ್ದು ಅಂತ. ಪಕ್ಕದೂರಿನವನು ನಿಮ್ಮದೇ ಮರಿಯನ್ನು ತಿರುಗಿ ನಿಮಗೇ ಮಾರುವುದು ತಪ್ಪುತ್ತದೆ.

ಎರಡನೆಯದು ಸರಕಾರಕ್ಕೆ. ಮೀನು ಸಾಕಣೆಯ ತರಬೇತಿ, ಸಹಾಯಧನ, ಹಿಡಿಯಬಾರದ ತಿಂಗಳು, ಹಿಡಿಯಬಾರದ ಮೀನು, ಈ ಮಾಹಿತಿ ಎಲ್ಲ ಮಲಯಾಳದಲ್ಲೇ ಬರುತ್ತದೆ. ಗಡಿಯ ಈ ಕಡೆ ಕನ್ನಡದಲ್ಲಿ ಓದಿದವರು ಎಷ್ಟು ಜನ ಇದ್ದೇವೆ! ನನಗೆ ಮಲಯಾಳ ಮಾತಾಡಲು ಬರುತ್ತದೆ, ಸರಕಾರಿ ಕಾಗದದ ಮಲಯಾಳ ಓದಲು ಬರುವುದಿಲ್ಲ. ನಿಯಮ ಗೊತ್ತಿಲ್ಲದವರಿಗೆ ದಂಡ ಹಾಕುವ ಮೊದಲು ಕನ್ನಡದಲ್ಲಿ ಒಂದು ಹಾಳೆ ಅಚ್ಚುಹಾಕಿ ಪಂಚಾಯತು ಕಚೇರಿಯಲ್ಲಿ, ಹಾಲಿನ ಸೊಸೈಟಿಯಲ್ಲಿ ಅಂಟಿಸಲಿ, ಮೀನಿನ ಚಿತ್ರ ಸಮೇತ.

ಅದು ಆಗುವವರೆಗೆ ನಿಮ್ಮ ಪತ್ರಿಕೆಯಲ್ಲಾದರೂ ಬರಲಿ. ಚಂದ್ರಗಿರಿ, ಶಿರಿಯ, ಉಪ್ಪಳ ಹೊಳೆಗಳಲ್ಲಿ ಇರುವ ಮೀನುಗಳಲ್ಲಿ ಯಾವುದನ್ನು ಸಾಕಬಹುದು, ಯಾವುದನ್ನು ಮುಟ್ಟಬಾರದು ಅಂತ ಮೀನುಗಾರಿಕಾ ಕಾಲೇಜಿನ ಅಧ್ಯಾಪಕರ ಹತ್ತಿರ ಕೇಳಿ ಒಂದು ಪುಟ ಮಾಡಿಸಿ. ಮಂಗಳೂರಿನಲ್ಲೇ ಕಾಲೇಜು ಉಂಟು, ನಮಗೆ ದೂರವೂ ಅಲ್ಲ. ಶಾಲೆ ಸುರುವಾಗುವ ಮೊದಲು, ಅಂದರೆ ಮಳೆಗಿಂತ ಮುಂಚೆ ಬಂದರೆ ಒಳ್ಳೆಯದು.

ಇತಿ,
ಬದಿಯಡ್ಕದಿಂದ ಒಬ್ಬ ಓದುಗ